ಹಳೆ ರಾಯಚೂರಲ್ಲಿ ಬಾಡಿಗೆಗೆ ಕೊಡಲು ಮನೆ ಕೊಳ್ಳುವುದು ಹೇಗೆ? ಮೊದಲು ಓಣಿ ನೋಡಿ, ಆಮೇಲೆ ಮನೆ

ಹಳೆ ರಾಯಚೂರಲ್ಲಿ ಮಾರಾಟಕ್ಕಿರುವ ಮನೆ ಸಿಗುವುದು ಕಷ್ಟವಲ್ಲ. ಮಕ್ಕಳು ಬೆಂಗಳೂರು, ಹೈದರಾಬಾದ್ ಸೇರಿರುತ್ತಾರೆ. ದೊಡ್ಡ ಮನೆಯಲ್ಲಿ ವಯಸ್ಸಾದ ಇಬ್ಬರೇ ಉಳಿದಿರುತ್ತಾರೆ. ಒಂದು ದಿನ ಮನೆ ಮಾರಾಟಕ್ಕೆ ಬರುತ್ತದೆ. ಕೊಂಡವರಲ್ಲಿ ಬಹಳಷ್ಟು ಜನ ಅದನ್ನು ಕೆಡವಿ ಮೂರು ಅಂತಸ್ತು ಎಬ್ಬಿಸುತ್ತಾರೆ. ಹಾಗೆ ಮಾಡದೆ, ಇರುವ ಮನೆಯನ್ನೇ ರಿಪೇರಿ ಮಾಡಿ ಬಾಡಿಗೆಗೆ ಕೊಡೋಣ ಅನ್ನುವವರಿಗೆ ಈ ಬರಹ. ದಪ್ಪ ಗೋಡೆ, ತೊಲೆ-ಜಂತಿಯ ಮೇಲೆ ಮಣ್ಣು ಹೊದಿಸಿದ ಚಪ್ಪಟೆ ಚಾವಣಿ ಅಂದರೆ ಮಾಳಿಗೆ, ಮೇ ತಿಂಗಳಲ್ಲೂ ಕೂರಲು ಆಗುವಂಥ ಪಡಸಾಲೆ ಇರುವ ಮನೆಗಳನ್ನು ಇನ್ನು ಯಾರೂ ಕಟ್ಟಿಸುವುದಿಲ್ಲ. ಇರುವವನ್ನು ಉಳಿಸಿಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ. ಆದರೆ ಮನೆ ಉಳಿಯಬೇಕಾದರೆ ಅದರಲ್ಲಿ ಜನ ಇರಬೇಕು. ಹಾಗಾಗಿ ಮೊದಲ ಪ್ರಶ್ನೆ ಮನೆಯದಲ್ಲ, ಓಣಿಯದು.

ಓಣಿ ಆರಿಸುವುದು

1294ರ ಶಾಸನ ಇರುವ ಕೋಟೆಯ ಒಳಗೆ-ಹೊರಗೆ ಬೆಳೆದ ಊರು ಇದು. ಅಂದ್ರೂನ್ ಖಿಲ್ಲಾ, ಬೇರೂನ್ ಖಿಲ್ಲಾ, ತೀನ್ ಕಂದಿಲ್ ಸುತ್ತಮುತ್ತ, ಮಂಗಳವಾರಪೇಟೆ, ಗಾಜಗಾರಪೇಟೆ, ಮಕ್ತಲ್‌ಪೇಟೆ ಎಲ್ಲವೂ ಹಳೆಯವೇ. ಆದರೆ ಒಂದೇ ಪೇಟೆಯಲ್ಲಿ ಎರಡು ಓಣಿ ಎರಡು ಥರ ಇರುತ್ತವೆ. ಅದಕ್ಕೇ ಪೇಟೆಯ ಹೆಸರು ಕೇಳಿ ರೇಟು ಮಾತಾಡಬೇಡಿ.

ಇಲ್ಲಿ ಬಾಡಿಗೆಗೆ ಯಾರು ಬರುತ್ತಾರೆ? ಅಂಗಡಿ ಕೆಲಸದವರು, ಸಣ್ಣ ವ್ಯಾಪಾರಿಗಳು, ಕಚೇರಿ ನೌಕರರು ಬರುತ್ತಾರೆ. ಮಕ್ಕಳ ಓದಿಗಾಗಿ ಮಾನ್ವಿ, ದೇವದುರ್ಗ, ಸಿರವಾರ ಕಡೆಯಿಂದ ಬರುವ ಕುಟುಂಬಗಳೂ ಇವೆ. ನಡೆದುಕೊಂಡೇ ಬಜಾರಿಗೆ, ಶಾಲೆಗೆ, ಬಸ್ಸಿಗೆ ಹೋಗಬೇಕು ಅನ್ನುವವರು ಇವರೆಲ್ಲ. ಲಿಂಗಸುಗೂರು ರಸ್ತೆಯ ಕೃಷಿ ವಿಶ್ವವಿದ್ಯಾಲಯದ ಹುಡುಗರು, ಹೈದರಾಬಾದ್ ರಸ್ತೆಯ ರಿಮ್ಸ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಕೋಟೆ ಒಳಗೆ ಮನೆ ಹಿಡಿಯುತ್ತಾರೆ ಅಂತ ಲೆಕ್ಕ ಹಾಕಬೇಡಿ. ಅವರು ಕಾಲೇಜಿನ ಹತ್ತಿರವೇ ನೋಡುತ್ತಾರೆ.

ಓಣಿಗೆ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ. ನಳದಲ್ಲಿ ನೀರು ಬಿಡುವ ಹೊತ್ತಿಗೆ ಹೋದರೆ ಅರ್ಧ ವಿಷಯ ಅಲ್ಲೇ ತಿಳಿಯುತ್ತದೆ. ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಎಷ್ಟು ಹೊತ್ತು ಬರುತ್ತದೆ, ಓಣಿಯ ತುದಿ ಮನೆಗೂ ಒತ್ತಡ ಇದೆಯಾ ಅಂತ ಕೊಡ ಹಿಡಿದು ನಿಂತವರನ್ನೇ ಕೇಳಿ. ಕುಡಿಯುವ ನೀರಿನ ಪೈಪು ಮೋರಿಯೊಳಗಿಂದ ಹಾದು ಬಂದಿದೆಯಾ ಅಂತ ಬಗ್ಗಿ ನೋಡಿ. 2022ರಲ್ಲಿ ಕಲುಷಿತ ನೀರು ಕುಡಿದು ಜನ ಸತ್ತ ಊರು ಇದು. ಪೈಪು ಹಾಗೆ ಬಂದಿದ್ದರೆ, ಅದನ್ನು ಮೇಲಕ್ಕೆತ್ತಿ ಹೊಸದು ಹಾಕಿಸುವ ಖರ್ಚನ್ನು ಮನೆಯ ಬೆಲೆಯಲ್ಲೇ ಮುರಿದುಕೊಳ್ಳಿ.

ಇನ್ನೊಮ್ಮೆ ಜೋರು ಮಳೆ ನಿಂತ ಕೂಡಲೇ ಹೋಗಿ. ಕೋಟೆಯ ಬೆಟ್ಟದಿಂದ ಇಳಿಯುವ ನೀರು ಯಾವ ಓಣಿ ಹಿಡಿಯುತ್ತದೆ ಅನ್ನುವುದು ಆಗ ಮಾತ್ರ ಗೊತ್ತಾಗುತ್ತದೆ. ಹೊಸ್ತಿಲು ರಸ್ತೆಗಿಂತ ಕೆಳಗಿದ್ದರೆ ಎಚ್ಚರ. ಹಳೆ ಊರಲ್ಲಿ ರಸ್ತೆಯ ಮೇಲೆ ರಸ್ತೆ ಹಾಕಿ ಹಾಕಿ, ಮನೆಗಳು ತಗ್ಗಿಗೆ ಬಿದ್ದಿವೆ. ಆಟೋ, ಗ್ಯಾಸ್ ಸಿಲಿಂಡರ್ ಗಾಡಿ ಬಾಗಿಲವರೆಗೆ ಬರುತ್ತವೆಯಾ, ರಾತ್ರಿ ಬೈಕ್ ಎಲ್ಲಿ ನಿಲ್ಲಿಸುತ್ತಾರೆ ಅನ್ನುವುದನ್ನೂ ನೋಡಿಕೊಳ್ಳಿ.

ಓಣಿಯ ಬಗ್ಗೆ ಇನ್ನೆರಡು ವಿಚಾರಣೆ ಕಚೇರಿಯಲ್ಲಿ ಮಾಡಬೇಕು. ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಮಾಸ್ಟರ್ ಪ್ಲಾನ್ ತೆಗೆಸಿ, ರಸ್ತೆ ಅಗಲೀಕರಣದ ಗೆರೆ ಮನೆಯ ಮೇಲೆ ಹಾದಿದೆಯಾ ನೋಡಿ. ಪಡಸಾಲೆಯೇ ರಸ್ತೆಗೆ ಹೋಗುವುದಾದರೆ ಉಳಿಯುವುದೇನು? ಎರಡನೆಯದು, ಹತ್ತಿರದ ಕೋಟೆ ಗೋಡೆಯೋ ದರವಾಜವೋ ಸಂರಕ್ಷಿತ ಸ್ಮಾರಕವೇ, ಯಾರ ರಕ್ಷಣೆಯಲ್ಲಿದೆ ಅಂತ ತಿಳಿದುಕೊಳ್ಳಿ. ಕೇಂದ್ರದ ರಕ್ಷಣೆಯ ಸ್ಮಾರಕವಾದರೆ, ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯ ಪ್ರಕಾರ ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲಿನದರಲ್ಲಿ ಹೊಸ ಮನೆ ಕಟ್ಟುವಂತಿಲ್ಲ, ರಿಪೇರಿಗೂ ಅನುಮತಿ ಬೇಕು. ಎರಡನೆಯದರಲ್ಲಿ ಅನುಮತಿ ತೆಗೆದುಕೊಂಡು ಕಟ್ಟಬಹುದು. ಹಳೆ ಮನೆಯನ್ನು ಹಾಗೇ ಇಟ್ಟುಕೊಳ್ಳುವವರಿಗೆ ಈ ನಿಯಮ ಅಷ್ಟು ತೊಡಕಲ್ಲ. ಮುಂದೆ ಮೇಲೊಂದು ಅಂತಸ್ತು ಏರಿಸೋಣ ಅಂತ ಮನಸ್ಸಿದ್ದವರು ಮಾತ್ರ ಈಗಲೇ ಕೇಳಿಕೊಳ್ಳಬೇಕು.

ಮನೆ ನೋಡುವುದು

ಒಬ್ಬ ಗೌಂಡಿ, ಒಬ್ಬ ಬಡಿಗರನ್ನು ಕರೆದುಕೊಂಡೇ ಹೋಗಿ. ಮಣ್ಣಿನ ಮಾಳಿಗೆ ಕಟ್ಟಿ ಗೊತ್ತಿರುವ ಹಿರಿಯರಾದರೆ ಇನ್ನೂ ಒಳ್ಳೆಯದು.

ಮೊದಲು ಮಾಳಿಗೆ. ತೊಲೆಯ ನಡುವೆ ಬಡಿದು ನೋಡಿದರೆ ಸಾಲದು. ತೊಲೆ ಗೋಡೆಯೊಳಗೆ ಸೇರುವ ತುದಿಯೇ ಮುಖ್ಯ. ಮೇಲಿಂದ ಇಳಿದ ನೀರು ಅಲ್ಲಿ ನಿಲ್ಲುತ್ತದೆ, ಮರ ಅಲ್ಲಿಂದಲೇ ಕೊಳೆಯುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಗಟ್ಟಿ ಮರ ತಡೆಯುತ್ತದೆ, ಕೊಳೆತಿದ್ದರೆ ಸಲೀಸಾಗಿ ಒಳಗೆ ಹೋಗುತ್ತದೆ. ಗೋಡೆಯ ಮೇಲೆ ಗೆದ್ದಲಿನ ಮಣ್ಣಿನ ಸಾಲು ಇದ್ದರೆ ಅದು ಯಾವ ತೊಲೆಗೆ ಹೋಗಿ ಮುಟ್ಟಿದೆ ಅಂತ ಹಿಂಬಾಲಿಸಿ. ಒಂದೆರಡು ತೊಲೆ ಬದಲಿಸುವುದು ದೊಡ್ಡ ಮಾತಲ್ಲ. ಅರ್ಧಕ್ಕಿಂತ ಜಾಸ್ತಿ ಹೋಗಿದ್ದರೆ ಆ ಮನೆ ಬಿಡಿ.

ಆಮೇಲೆ ಮಾಳಿಗೆ ಹತ್ತಿ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಸವಳು ಮಣ್ಣು ಹಾಕುತ್ತಿದ್ದರಲ್ಲ, ಅದಕ್ಕೆ ಕಾರಣ ಇದೆ. ಈ ಮಣ್ಣು ನೀರು ತಾಗಿದ ಕೂಡಲೇ ಉಬ್ಬಿ ಸಂದುಗಳನ್ನು ಮುಚ್ಚಿಬಿಡುತ್ತದೆ. ಆಮೇಲೆ ನೀರು ಒಳಗಿಳಿಯದೆ ಹರಿದುಹೋಗುತ್ತದೆ. ವರ್ಷಾವರ್ಷ ಹಾಕಿದ್ದಾರಾ, ನೀರಿಳಿಯುವ ಕೊಳವೆ ಕಟ್ಟಿಕೊಂಡಿದೆಯಾ ನೋಡಿ. ವರ್ಷಗಟ್ಟಲೆ ಮಣ್ಣಿನ ಮೇಲೆ ಮಣ್ಣು ಸುರಿದಿದ್ದರೆ ಅದರ ಭಾರಕ್ಕೇ ತೊಲೆ ಬಾಗಿರುತ್ತದೆ. ಮಾಳಿಗೆ ತೆಗೆದು ತಗಡು ಹೊದಿಸಿದ್ದರೆ, ಅಂಥ ಕೋಣೆಯಲ್ಲಿ ರಾಯಚೂರಿನ ಬೇಸಿಗೆ ಕಳೆಯುವ ಬಾಡಿಗೆದಾರರು ಬಹಳ ದಿನ ನಿಲ್ಲುವುದಿಲ್ಲ.

ಗೋಡೆಯ ಬಿರುಕು ಕಂಡರೆ ಗಾಬರಿಯಾಗಬೇಡಿ, ಸುಮ್ನೆ ಬಿಡಲೂ ಬೇಡಿ. ಬಾಗಿಲು, ಕಿಟಕಿಯ ಮೂಲೆಯಿಂದ ಓರೆಯಾಗಿ ಹೋದ ಬಿರುಕು ಬುನಾದಿಯ ದೂರು ಹೇಳುತ್ತದೆ. ಎರೆ ಮಣ್ಣಿನ ಮೇಲೆ ಕಟ್ಟಿದ ಮನೆಯಾದರೆ ಬೇಸಿಗೆಯಲ್ಲಿ ಬಿರುಕು ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಕೂಡುತ್ತದೆ. ಬಿರುಕಿಗೆ ಅಡ್ಡಲಾಗಿ ತೆಳ್ಳಗೆ ಸುಣ್ಣದ ಗಾರೆಯ ಪಟ್ಟಿ ಬಳಿದು, ಒಂದು ತಿಂಗಳು ಬಿಟ್ಟು ನೋಡಿ. ಪಟ್ಟಿ ಒಡೆದಿದ್ದರೆ ಗೋಡೆ ಇನ್ನೂ ಸರಿಯುತ್ತಿದೆ ಅಂತ ಅರ್ಥ.

ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾಯಿ ಮಾಡಿದ್ದರೆ ಮುಷ್ಟಿಯಿಂದ ಬಡಿದು ನೋಡಿ. ಸಿಮೆಂಟ್ ತೇವವನ್ನು ಹೊರಗೆ ಬಿಡುವುದಿಲ್ಲ. ಒಳಗಿನ ಮಣ್ಣು ಮೆತ್ತಗಾಗಿ ಜಾರುತ್ತದೆ, ಗೋಡೆ ಟೊಳ್ಳು ಸದ್ದು ಕೊಡುತ್ತದೆ. ನೀವು ರಿಪೇರಿ ಮಾಡಿಸುವಾಗ ಸುಣ್ಣದ ಗಾರೆಯನ್ನೇ ಹಾಕಿಸಿ. ಹೊಸ ಗೌಂಡಿಗಳು ‘ಸಿಮೆಂಟೇ ಗಟ್ಟಿ ಸಾರ್’ ಅನ್ನುತ್ತಾರೆ. ಮಣ್ಣಿನ ಗೋಡೆಯ ಮಟ್ಟಿಗೆ ಆ ಮಾತು ಒಪ್ಪಬೇಡಿ.

ಒಂದು ವಿಷಯವನ್ನು ಮಾರುವವರು ತಾವಾಗಿ ಹೇಳುವುದು ಕಡಿಮೆ: ಹಗೇವು. ಜೋಳ ತುಂಬಿಡಲು ಮನೆಯೊಳಗೆ, ಅಂಗಳದಲ್ಲಿ ತೋಡಿದ ಗುಂಡಿಗಳು ಹಳೆ ಮನೆಗಳಲ್ಲಿ ಹಾಗೇ ಇರುತ್ತವೆ. ಮೇಲೆ ಫರಸಿ ಹಾಸಿ ಮುಚ್ಚಿರುತ್ತಾರೆ. ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಕೇಳಿ, ಜಾಗ ಸಮೇತ ಹೇಳುತ್ತಾರೆ. ಅದನ್ನು ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ಹಾಕಿ, ಪದರ ಪದರವಾಗಿ ದಮ್ಮಸು ಮಾಡಿ ತುಂಬಿಸಬೇಕು. ಹಾಗೆ ತುಂಬಿಸದೆ ಅದರ ಮೇಲೆ ಬಚ್ಚಲುಮನೆ ಕಟ್ಟಿದರೆ ನೆಲ ಕುಸಿಯುತ್ತದೆ. ಶೌಚಾಲಯ ಒಳಚರಂಡಿಗೆ ಸೇರಿದೆಯಾ, ನಡುಗೋಡೆ ಯಾರದು ಅನ್ನುವುದನ್ನೂ ಕೇಳಿಬಿಡಿ.

ಕಾಗದ

ರಾಯಚೂರು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹಾಗಾಗಿ ಹಳೆ ಮನೆಯ ಮೂಲ ಪತ್ರ ಉರ್ದುವಿನಲ್ಲಿರುವುದು ಸಾಮಾನ್ಯ. ಓದಲು ಬಾರದ ಪತ್ರವನ್ನು ‘ಹಳೆಯದು, ಇರಲಿ ಬಿಡಿ’ ಅಂತ ಬದಿಗಿಡಬೇಡಿ. ಉರ್ದು ಬಲ್ಲ ವಕೀಲರಿಂದ ಪೂರ್ತಿ ಓದಿಸಿ, ಕನ್ನಡದಲ್ಲಿ ಬರೆಸಿಕೊಳ್ಳಿ. ಅದರಲ್ಲಿ ನಿಜಾಮರ ಕಾಲದ ಕಂದಾಯ ಲೆಕ್ಕದ ಫಸಲಿ ವರ್ಷ ಇದ್ದರೆ 590 ಕೂಡಿಸಿ, ಹತ್ತಿರದ ಇಸವಿ ಸಿಗುತ್ತದೆ. 1357 ಫಸಲಿ ಅಂದರೆ 1947-48. ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕೂ ದಿಕ್ಕಿನ ಗಡಿಯ ವಿವರದಲ್ಲಿ ಬರೆದ ಬಾವಿ, ಗಲ್ಲಿ, ಪಕ್ಕದ ಮನೆಯವರ ಹೆಸರು ಇವತ್ತಿನ ಜಾಗಕ್ಕೆ ಹೊಂದುತ್ತವೆಯಾ ನೋಡಿ. ಗಜದಲ್ಲಿರುವ ಅಳತೆಯನ್ನು ಅಡಿಗೆ ಇಳಿಸಿ, ಟೇಪ್ ಹಿಡಿದು ಅಳೆಸಿ.

ಅಲ್ಲಿಂದ ಇವತ್ತಿನವರೆಗೆ ಮನೆ ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನುವ ಸರಪಳಿ ಕಡಿಯಬಾರದು. 2004ರಿಂದೀಚಿನ ಋಣಭಾರ ಪತ್ರ (ಇಸಿ) ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಗೆ ಹೋಗಿ. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರೂ ಇರಲೇಬೇಕು. ಅವರ ಸಹಿ ಇಲ್ಲದ ಕ್ರಯಪತ್ರ ಮುಂದೆ ಕೋರ್ಟಿಗೆ ಎಳೆಯುತ್ತದೆ. ‘ತಂಗಿ ಏನೂ ಅನ್ನಲ್ಲ’ ಅನ್ನುವ ಮಾತಿನ ಮೇಲೆ ದುಡ್ಡು ಕೊಡಬೇಡಿ. ಜಾಗ ದೇವಸ್ಥಾನ, ಮಠ, ದರ್ಗಾ ಅಥವಾ ಮಸೀದಿಗೆ ಸೇರಿದ್ದಾ ಅಂತ ಮುಜರಾಯಿ, ವಕ್ಫ್ ಪಟ್ಟಿಯಲ್ಲೂ ನೋಡಿಸಿ. ಈಗ ಇ-ಖಾತಾ ಇಲ್ಲದೆ ನೋಂದಣಿ ಆಗುವುದಿಲ್ಲ. ಅದನ್ನು ಮಾರುವವರೇ ಮಾಡಿಸಿಕೊಡಲಿ.

ಲೆಕ್ಕ

ಉದಾಹರಣೆಗೆ ಮನೆಯ ಬೆಲೆ 30 ಲಕ್ಷ ಅಂದುಕೊಳ್ಳಿ. ಮುದ್ರಾಂಕ ಶುಲ್ಕ ಸೆಸ್, ಸರ್ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಎರಡೂ ಸೇರಿ 2.28 ಲಕ್ಷ. ರಿಪೇರಿಗೆ 4 ಲಕ್ಷ ಇಡಿ. ಒಟ್ಟು 36.28 ಲಕ್ಷ ಆಯಿತು. ಎರಡು ಪೋರ್ಶನ್, ತಲಾ 6,500 ಬಾಡಿಗೆ. ವರ್ಷಕ್ಕೆ ಒಂದು ತಿಂಗಳು ಖಾಲಿ ಅಂತ ಬಿಟ್ಟರೆ 1.43 ಲಕ್ಷ ಬರುತ್ತದೆ. ಮನೆ ತೆರಿಗೆ, ಸವಳು ಮಣ್ಣು, ಸಣ್ಣಪುಟ್ಟ ರಿಪೇರಿಗೆ 23 ಸಾವಿರ ಕಳೆದರೆ ಉಳಿಯುವುದು 1.20 ಲಕ್ಷ. ಅಂದರೆ ಶೇ 3.3. ಬ್ಯಾಂಕಿನ ಠೇವಣಿ ಇದಕ್ಕಿಂತ ಜಾಸ್ತಿ ಕೊಡುತ್ತದೆ. ಅದಕ್ಕೇ ಪೂರ್ತಿ ಸಾಲ ಮಾಡಿ, ಬಾಡಿಗೆಯಲ್ಲೇ ಕಂತು ಕಟ್ಟುತ್ತೇನೆ ಅನ್ನುವವರಿಗೆ ಈ ವ್ಯವಹಾರ ಬೇಡ ಅಂತಲೇ ನಾನು ಹೇಳುವುದು. ಕೈಯಲ್ಲಿ ಹಣ ಇದ್ದು, ಊರಲ್ಲೇ ಇದ್ದು, ಮನೆಯ ಕಡೆ ಆಗಾಗ ಕಣ್ಣಾಡಿಸಬಲ್ಲವರು ಮಾಡಬಹುದು.

ಮನೆಯಲ್ಲಿ ಈಗಾಗಲೇ ಬಾಡಿಗೆದಾರರಿದ್ದರೆ ಅವರ ಜೊತೆ ನೀವೇ ಕೂತು ಮಾತಾಡಿ. ಎಷ್ಟು ವರ್ಷದಿಂದ ಇದ್ದಾರೆ, ಅಡ್ವಾನ್ಸ್ ಎಷ್ಟು ಕೊಟ್ಟಿದ್ದಾರೆ, ಕರಾರು ಇದೆಯಾ ಎಲ್ಲ ಕೇಳಿ ಕ್ರಯಪತ್ರದಲ್ಲಿ ಬರೆಸಿ. ಒಳ್ಳೆಯವರಾದರೆ ಅವರನ್ನೇ ಮುಂದುವರಿಸಿ.

ಪ್ರತಿ ಪೋರ್ಶನ್‌ಗೆ ಜೆಸ್ಕಾಂನಿಂದ ಬೇರೆ ಮೀಟರ್ ಹಾಕಿಸಿ. ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ಆದರೆ ಒಂದೇ ಮೀಟರಿನಲ್ಲಿ ಎರಡು ಸಂಸಾರ ಇದ್ದರೆ ಬೇಸಿಗೆಯಲ್ಲಿ 200 ಯೂನಿಟ್ ದಾಟಿ ಪೂರ್ತಿ ಬಿಲ್ ಬರುತ್ತದೆ, ಜಗಳವೂ ಬರುತ್ತದೆ. ಮಾಳಿಗೆ, ಗೋಡೆಯ ಕೆಲಸ ಏಪ್ರಿಲ್ ಕೊನೆಯೊಳಗೆ ಮುಗಿಸಿ. ಮೇ ಕೊನೆಗೆ ಶಾಲೆ ಶುರುವಾಗುವ ಮುಂಚೆಯೇ ಹಳ್ಳಿಗಳಿಂದ ಮನೆ ಹುಡುಕಿಕೊಂಡು ಬರುತ್ತಾರೆ. ‘ಮನೆ ಬಾಡಿಗೆಗಿದೆ’ ಬೋರ್ಡು ಆ ಹೊತ್ತಿಗೆ ಬಾಗಿಲಲ್ಲಿ ಇರಲಿ.