ಚಿತ್ರದ ನಂಬರನ್ನು ಕೈಯಾರೆ ಟೈಪ್ ಮಾಡೋದು ಬಿಡಿ

ಒಂದು ಇನ್‌ಸ್ಟಾಲೇಷನ್ ಗೈಡ್ ಬರೆದಿದ್ದೆ. ಅದರಲ್ಲಿ 14 ಸ್ಕ್ರೀನ್‌ಶಾಟ್, ಎಲ್ಲದಕ್ಕೂ ನಂಬರ್ ನಾನೇ ಟೈಪ್ ಮಾಡಿದ್ದು. ರಿಲೀಸಿನ ಹಿಂದಿನ ದಿನ ಮೂರನೆಯ ಚಿತ್ರದ ನಂತರ ಇನ್ನೊಂದನ್ನು ತುರುಕಬೇಕಾಯ್ತು. ಚಿತ್ರಗಳ ಅಡಿಯಲ್ಲಿದ್ದ ನಂಬರನ್ನೆಲ್ಲ ಸರಿ ಮಾಡಿದೆ, ಆದರೆ ಪ್ಯಾರಾಗಳ ಒಳಗಿದ್ದ ಎರಡು ಕಣ್ತಪ್ಪಿ ಉಳಿದುಬಿಟ್ಟವು. 'ಚಿತ್ರ 7ರಲ್ಲಿರುವಂತೆ ಡೇಟಾಬೇಸ್ ಆರಿಸಿ' ಅಂತ ಓದಿ ಚಿತ್ರ ನೋಡಿದವರಿಗೆ ಅಲ್ಲಿ ಸಿಕ್ಕಿದ್ದು ಪಾಸ್‌ವರ್ಡ್ ಬದಲಿಸುವ ಪರದೆ. ಬೈಸಿಕೊಂಡೆ.

ಅವತ್ತಿನಿಂದ ನಂಬರ್ ಕೊಡೋ ಕೆಲಸ ಟೂಲಿಗೇ ಬಿಟ್ಟಿದ್ದೇನೆ. ನಾವು ಮಾಡಬೇಕಾದ್ದು ಪ್ರತಿ ಚಿತ್ರಕ್ಕೂ ಒಂದು ಹೆಸರು, ಅಂದರೆ ಲೇಬಲ್ ಕೊಡೋದು. ಹೆಸರು ಚಿತ್ರದಲ್ಲಿ ಏನಿದೆ ಅಂತ ಹೇಳಬೇಕು: 'ಫಿಗ್-ಡೇಟಾಬೇಸ್-ಆಯ್ಕೆ' ಅನ್ನೋ ಥರ. 'ಫಿಗ್-7' ಅಂತ ಇಟ್ಟರೆ ಮತ್ತೆ ಅದೇ ಗೋಳು ಅಲ್ವಾ?

ಪೈಥಾನ್ ಜಗತ್ತಿನಲ್ಲಿ ಜಾಸ್ತಿ ಬಳಸುವ ಡಾಕ್ಯುಮೆಂಟೇಷನ್ ಟೂಲ್ ಸ್ಫಿಂಕ್ಸ್ ತಗೊಳ್ಳಿ. ಅದರಲ್ಲಿ ಚಿತ್ರಗಳಿಗೆ ನಂಬರ್ ಹಾಕುವ 'ನಮ್‌ಫಿಗ್' ಸೆಟ್ಟಿಂಗ್ ಮೊದಲಿಗೆ ಆಫ್ ಆಗಿರುತ್ತೆ. ಕಾನ್ಫಿಗ್ ಫೈಲಿಗೆ ಹೋಗಿ ಅದನ್ನು ಆನ್ ಮಾಡಿ, ಇಲ್ಲದಿದ್ದರೆ ನೀವು ಬರೆದ 'ನಮ್‌ರೆಫ್' (ಪ್ಯಾರಾದೊಳಗೆ ಲೇಬಲ್ ಬರೆದು ಚಿತ್ರದ ನಂಬರ್ ತರಿಸುವ ರೆಫರೆನ್ಸ್) ಯಾವುದೂ ಕೆಲಸ ಮಾಡಲ್ಲ, ಸುಮ್ನೆ ಒಂದು ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತೆ. ಎರಡನೆಯದು, ಕ್ಯಾಪ್ಷನ್ (ಚಿತ್ರದ ಅಡಿಬರಹ) ಇಲ್ಲದ ಚಿತ್ರಕ್ಕೆ ಅದು ನಂಬರೇ ಕೊಡಲ್ಲ. ಲೇಬಲ್ ಸರಿಯಾಗಿದೆ, ನಮ್‌ಫಿಗ್ ಆನ್ ಇದೆ, ಆದರೂ ನಂಬರ್ ಬರ್ತಿಲ್ಲ ಅಂತ ನಾನು ಒಂದು ಮಧ್ಯಾಹ್ನ ಪೂರ್ತಿ ತಲೆ ಕೆರೆದುಕೊಂಡಿದ್ದು ಇದಕ್ಕೇ.

ಕನ್ನಡದಲ್ಲಿ ಡಾಕ್ಯುಮೆಂಟೇಷನ್ ಬರೆಯುವವರಿಗೆ ಇಲ್ಲಿ ಇನ್ನೊಂದು ಕೊಕ್ಕೆ ಇದೆ. ಮೊದಲು 'ನಮ್‌ಫಿಗ್ ಫಾರ್ಮ್ಯಾಟ್' ಅನ್ನೋ ಸೆಟ್ಟಿಂಗಿನಲ್ಲಿ 'ಚಿತ್ರ' ಅನ್ನೋ ಪದ ಕೊಡಿ. ಆಮೇಲೆ ವಿಭಕ್ತಿ. ನಮಗೆ ಬೇಕಾದ್ದು 'ಚಿತ್ರ 4ರಲ್ಲಿ'. ಆದರೆ ರೆಫರೆನ್ಸ್ ಮುಗಿಯುವ ಬ್ಯಾಕ್‌ಟಿಕ್ (`) ಚಿಹ್ನೆಯ ನಂತರ ಸ್ಪೇಸೋ ವಿರಾಮ ಚಿಹ್ನೆಯೋ ಇರಲೇಬೇಕು ಅನ್ನೋದು ಅದರ ನಿಯಮ. 'ರಲ್ಲಿ' ನೇರವಾಗಿ ಅಂಟಿಸಿದರೆ ಅದು ರೆಫರೆನ್ಸ್ ಅಂತಲೇ ಗುರುತಿಸಲ್ಲ. ಬ್ಯಾಕ್‌ಟಿಕ್ ಆದ ಮೇಲೆ ಒಂದು ಬ್ಯಾಕ್‌ಸ್ಲ್ಯಾಶ್, ಒಂದು ಸ್ಪೇಸ್, ಆಮೇಲೆ 'ರಲ್ಲಿ' ಬರೆಯಿರಿ. ಔಟ್‌ಪುಟ್‌ನಲ್ಲಿ ಆ ಸ್ಪೇಸ್ ಮಾಯವಾಗುತ್ತೆ. ಪುಣ್ಯಕ್ಕೆ ನಮ್ಮಲ್ಲಿ ಒಂದಿರಲಿ ಹತ್ತಿರಲಿ, ಅಂಕಿಗೆ ಸೇರುವ ಪ್ರತ್ಯಯ 'ರಲ್ಲಿ'ಯೇ, ನಂಬರ್ ಬದಲಾದರೂ ವಾಕ್ಯ ಕೆಡಲ್ಲ.

ಡಾಕ್ಯುಮೆಂಟ್ ಜೋಡಿಸಲು ಲೇಟೆಕ್ ಅನ್ನೋ ಟೂಲ್ ಬಳಸುವವರು ನೆನಪಿಡಬೇಕಾದ್ದು ಒಂದೇ: ಲೇಬಲ್ ಯಾವಾಗಲೂ ಕ್ಯಾಪ್ಷನ್ ಆದ ಮೇಲೆ ಬರಬೇಕು. ಮುಂಚೆ ಇಟ್ಟರೆ ಚಿತ್ರದ ನಂಬರ್ ಬದಲು ಸೆಕ್ಷನ್ ನಂಬರ್ ಬಂದು ಕೂರುತ್ತೆ, ಎರರ್ ಕೂಡ ಕಾಣಿಸಲ್ಲ. ವರ್ಡ್‌ನವರು ಕ್ರಾಸ್ ರೆಫರೆನ್ಸ್ ಹಾಕಿ, ಕಳಿಸುವ ಮೊದಲು ಪೂರ್ತಿ ಸೆಲೆಕ್ಟ್ ಮಾಡಿ ಎಫ್9 ಒತ್ತಿ.

ನಂಬರ್ ಸರಿ ಹೋದರೂ ವಾಕ್ಯ ಸೋಮಾರಿಯಾಗಿದ್ದರೆ ಉಪಯೋಗ ಇಲ್ಲ. 'ಕೆಳಗಿನ ಚಿತ್ರ ನೋಡಿ' ಅಂತೀರಿ, ಪಿಡಿಎಫ್‌ನಲ್ಲಿ ಆ ಚಿತ್ರ ಮುಂದಿನ ಪುಟದ ತಲೆಗೆ ಹೋಗಿ ಕೂತಿರುತ್ತೆ. ಸಿಕ್ಕಿದರೂ, ಹತ್ತು ಬಟನ್ ಇರುವ ಪರದೆಯಲ್ಲಿ ಏನನ್ನು ನೋಡಬೇಕು? 'ಚಿತ್ರ 4ರಲ್ಲಿ ಬಲಗಡೆ ಮೇಲಿರುವ ಟೆಸ್ಟ್ ಕನೆಕ್ಷನ್ ಬಟನ್ ಒತ್ತಿ, ಹಸಿರು ಗುರುತು ಬಂದರೆ ಮುಂದೆ ಹೋಗಿ' ಅಂತ ಬರೆದರೆ ಚಿತ್ರ ಲೋಡ್ ಆಗದವರಿಗೂ, ಸ್ಕ್ರೀನ್ ರೀಡರಿನಲ್ಲಿ ಕೇಳುವವರಿಗೂ ಕೆಲಸ ಆಗುತ್ತೆ. ಈ ವಾಕ್ಯ ಚಿತ್ರಕ್ಕಿಂತ ಮೊದಲೇ ಬರಲಿ.

ಹಳೇ ಡಾಕ್ಯುಮೆಂಟ್ ರಿಪೇರಿ ಮಾಡ್ತಿದ್ದರೆ, ಸೋರ್ಸ್‌ನಲ್ಲಿ 'ಚಿತ್ರ' ಅಂತ ಹುಡುಕಿ, ಪಕ್ಕದಲ್ಲಿ ಅಂಕಿ ಟೈಪ್ ಆಗಿರೋ ಕಡೆಯೆಲ್ಲ ರೆಫರೆನ್ಸ್ ಹಾಕ್ತಾ ಹೋಗಿ. ಸ್ಫಿಂಕ್ಸ್ ಆದರೆ ಬಿಲ್ಡ್ ಕಮಾಂಡಿಗೆ ಹೈಫನ್ ಹಾಕಿ ದೊಡ್ಡಕ್ಷರದ ಡಬ್ಲ್ಯು ಸೇರಿಸಿ: ವಾರ್ನಿಂಗುಗಳೆಲ್ಲ ಎರರ್ ಆಗುತ್ತವೆ, ಇಲ್ಲದ ಲೇಬಲ್‌ಗೆ ಯಾರಾದರೂ ರೆಫರೆನ್ಸ್ ಕೊಟ್ಟಿದ್ದರೆ ಬಿಲ್ಡ್ ಫೇಲ್ ಆಗುತ್ತೆ.