ರೋಪ್ ಬಿಡು, ಗಾಡಿ ಮುಂದೆ ಹೋಗಲಿ: ಸ್ಕಿಡ್ಡರ್ ಜೊತೆ ನನ್ನ ಅನುಭವ

ಕಾಡಿನಲ್ಲಿ ಕಡಿದ ದಿಮ್ಮಿಗಳನ್ನು ಎಳೆದು ತರುವ ಗಾಡಿ ಸ್ಕಿಡ್ಡರ್. ಶುರುವಿನಲ್ಲಿ ನಾನು ಅದನ್ನು ಟ್ರ್ಯಾಕ್ಟರ್ ಓಡಿಸಿದ ಹಾಗೆಯೇ ಓಡಿಸುತ್ತಿದ್ದೆ. ದಿಮ್ಮಿ ಎಲ್ಲಿ ಬಿದ್ದಿದೆಯೋ ಅಲ್ಲಿಗೇ ಗಾಡಿ ನುಗ್ಗಿಸುವುದು, ಕಟ್ಟುವುದು, ಎಳೆಯುವುದು. ಒಮ್ಮೆ ಮಳೆ ಬಿದ್ದ ಮಾರನೇ ದಿನ ಮೂರು ದಿಮ್ಮಿ ಕಟ್ಟಿಕೊಂಡು ಏರು ಹತ್ತುತ್ತಿದ್ದೆ. ಅರ್ಧ ಏರಿನಲ್ಲಿ ಚಕ್ರಗಳು ನಿಂತಲ್ಲೇ ತಿರುಗತೊಡಗಿದವು. ನಾನು ಆಕ್ಸಿಲರೇಟರ್ ಇನ್ನೂ ಜಾಸ್ತಿ ಒತ್ತಿದೆ. ಟೈರು ಒಂದು ಗೇಣು ಹೂತುಹೋಯಿತು.

ಕೆಲಸ ಕಲಿಸುತ್ತಿದ್ದ ಹಿರಿಯ ಆಪರೇಟರ್ ದೂರದಿಂದಲೇ ಕೂಗಿದರು: "ರೋಪ್ ಬಿಡು. ಗಾಡಿ ಮಾತ್ರ ಮುಂದೆ ಹೋಗಲಿ."

ವಿಂಚ್, ಅಂದರೆ ಉಕ್ಕಿನ ರೋಪ್ ಸುತ್ತಿ ಎಳೆಯುವ ಡ್ರಮ್, ಫ್ರೀ ಮಾಡಿದೆ. ಭಾರ ಕಳಚಿದ್ದೇ ತಡ, ಗಾಡಿ ನಿಧಾನಕ್ಕೆ ಕೆಸರಿನಿಂದ ಮೇಲೆದ್ದಿತು. ರೋಪ್ ಹಿಂದೆ ಬಿಚ್ಚಿಕೊಳ್ಳುತ್ತಾ ಬಂತು. ಗಟ್ಟಿ ನೆಲ ಸಿಕ್ಕಿದ ಮೇಲೆ ದಿಮ್ಮಿಗಳ ನೇರಕ್ಕೆ ನಿಂತು, ಗಾಡಿಯ ಮುಂದಿನ ಉಕ್ಕಿನ ಹಲಗೆ, ಅಂದರೆ ಬ್ಲೇಡ್, ಇಳಿಸಿ, ವಿಂಚ್ ಎಳೆದೆ. ಮೂರೂ ದಿಮ್ಮಿ ಹಿಂದೆಯೇ ಏರಿ ಬಂದವು. ಸ್ಕಿಡ್ಡರಿನ ನಿಜವಾದ ಬಲ ಚಕ್ರದಲ್ಲಿಲ್ಲ, ವಿಂಚಿನಲ್ಲಿದೆ ಅನ್ನುವುದು ಅವತ್ತು ನನಗೆ ಅರ್ಥವಾಯಿತು.

ಅಂದಿನಿಂದ ಗಾಡಿ ದಾರಿಯಲ್ಲೇ ನಿಲ್ಲುತ್ತದೆ, ದಿಮ್ಮಿಯ ಹತ್ತಿರ ಹೋಗುವುದು ರೋಪ್ ಮಾತ್ರ. ಇದರಿಂದ ಕಾಡಿನ ನೆಲವೂ ಉಳಿಯುತ್ತದೆ, ನಿಂತಿರುವ ಮರಗಳ ಬುಡಕ್ಕೆ ಪೆಟ್ಟೂ ಕಡಿಮೆ. ಆದರೆ ಗಾಡಿ ದಿಮ್ಮಿಗೆ ನೇರವಾಗಿ ನಿಂತಿರಬೇಕು. ಪಕ್ಕದಿಂದ ಎಳೆದರೆ, ಅದರಲ್ಲೂ ಇಳಿಜಾರಿನಲ್ಲಿ, ಗಾಡಿಯೇ ಮಗುಚಬಹುದು. ದಿಮ್ಮಿಯ ತಲೆ ನೆಲದಿಂದ ಮೇಲೆದ್ದ ಮೇಲೆಯೇ ಗಾಡಿ ಮುಂದಕ್ಕೆ ಬಿಡುತ್ತೇನೆ. ಇಲ್ಲದಿದ್ದರೆ ಅದು ನೇಗಿಲಿನ ಹಾಗೆ ನೆಲ ಉಳುತ್ತದೆ.

ರೋಪ್ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಎಳೆಯುವಾಗ ಡ್ರಮ್ಮಿನಲ್ಲಿ ಕಡಿಮೆಯೆಂದರೆ 3 ಸುತ್ತು ಉಳಿದಿರಲೇಬೇಕು. ಆ ಜಾಗಕ್ಕೆ ಕೆಂಪು ಬಣ್ಣ ಹಚ್ಚಿದ್ದೇನೆ, ಬಣ್ಣ ಕಂಡರೆ ಅಲ್ಲಿಗೆ ನಿಲ್ಲಿಸುತ್ತೇನೆ. ವಾರಕ್ಕೊಮ್ಮೆ ಪೂರ್ತಿ ಬಿಚ್ಚಿ, ದಪ್ಪ ಚರ್ಮದ ಗ್ಲೌಸ್ ಹಾಕಿಕೊಂಡು, ಬಟ್ಟೆ ಹಿಡಿದು ಉದ್ದಕ್ಕೂ ಒರೆಸುತ್ತೇನೆ. ತಂತಿಯ ಎಳೆ ತುಂಡಾದ ಕಡೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಒಂದು ಪುರಿ (ಎಳೆಗಳನ್ನು ಹೊಸೆದ ಕಟ್ಟು) ಪೂರ್ತಿ ಒಂದು ಸುತ್ತು ಬರುವಷ್ಟು ಉದ್ದದಲ್ಲಿ 6 ಎಳೆ ತುಂಡಾಗಿದ್ದರೆ, ಅಥವಾ ಅಷ್ಟೇ ಉದ್ದದಲ್ಲಿ ಒಂದೇ ಪುರಿಯಲ್ಲಿ 3 ತುಂಡಾಗಿದ್ದರೆ, ಆ ರೋಪ್ ಮುಂದಕ್ಕೆ ಬಳಸುವುದಿಲ್ಲ. ಬಿಗಿಯಾದ ರೋಪ್ ಕಡಿದರೆ ಚಾಟಿಯ ಹಾಗೆ ಬೀಸುತ್ತದೆ. ಅದಕ್ಕೇ ದಿಮ್ಮಿಗೆ ಚೋಕರ್ (ಕುಣಿಕೆ) ಕಟ್ಟಿದವರು ದೂರ ಸರಿದು, ನನ್ನ ಕಣ್ಣಿಗೆ ಕಂಡು, ಕೈ ತೋರಿಸುವ ತನಕ ಲಿವರ್ ಮುಟ್ಟುವುದಿಲ್ಲ.

ಬೆಳಗಿನ ಮೊದಲ ಕೆಲಸ ನಡುವಿನ ಪಿನ್ನುಗಳದ್ದು. ಸ್ಕಿಡ್ಡರ್ ತಿರುಗುವುದು ನಡುಭಾಗ ಮಡಚಿಕೊಂಡು, ಅಲ್ವಾ? ಆ ಭಾರವೆಲ್ಲ ಮೇಲೊಂದು ಕೆಳಗೊಂದು ಇರುವ ಪಿನ್ನುಗಳ ಮೇಲೆ ಬೀಳುತ್ತದೆ. ಎಂಜಿನ್ ನಿಲ್ಲಿಸಿ, ನಡುಭಾಗ ಮಡಚದಂತೆ ತಡೆಯುವ ಲಾಕ್ ಬಾರ್ ಹಾಕಿದ ಮೇಲೆಯೇ ನಡುವೆ ಕೈ ಹಾಕುತ್ತೇನೆ. ಗಾಡಿ ಒಂಚೂರು ತಿರುಗಿದರೂ ಅಲ್ಲಿ ಮನುಷ್ಯ ಜಜ್ಜಿಹೋಗುತ್ತಾನೆ. ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸದು ಕಾಣುವವರೆಗೂ ಗನ್ ಒತ್ತುತ್ತೇನೆ. ಕೆಲಸದ ನಡುವೆ ಅಲ್ಲಿಂದ ಟಕ್ ಟಕ್ ಸದ್ದು ಬಂದರೆ ಪಿನ್ನಿನ ಸುತ್ತ ಕೂರುವ ಬುಶ್ ಸವೆದಿದೆ ಎಂದೇ ಅನುಮಾನ ಪಡಬೇಕು. ತಡಮಾಡಿದರೆ ಪಿನ್ನು ಕೂರುವ ತೂತೇ ಅಗಲವಾಗುತ್ತದೆ, ಆಮೇಲೆ ರಿಪೇರಿ ದೊಡ್ಡದು.

ಹೈಡ್ರಾಲಿಕ್ ಹೋಸ್ ಸೋರುತ್ತಿದೆ ಅನ್ನಿಸಿದರೆ ಕೈಯಿಂದ ತಡವಿ ನೋಡಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ರಟ್ಟು ಹಿಡಿದು ನೋಡಿ. ಚರ್ಮದೊಳಗೆ ಹೋದರೆ ನೋವು ಇಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ನಾನು ಅಸಡ್ಡೆ ಮಾಡಿದ್ದು ಗಾಡಿಯ ಹೊಟ್ಟೆಯ ಕೆಳಗಿನ ತಗಡನ್ನು. ಒಂದು ಬೇಸಿಗೆಯ ಮಧ್ಯಾಹ್ನ ಕಾಲ ಬುಡದಿಂದ ಹೊಗೆ ಬಂತು. ಎಂಜಿನ್ ಆರಿಸಿ, ಬೆಂಕಿ ನಂದಿಸುವ ಸಿಲಿಂಡರ್ ಎತ್ತಿಕೊಂಡು ಇಳಿದೆ. ಬೆಂಕಿ ಆರಿದ ಮೇಲೆ ತಗಡು ಬಿಚ್ಚಿದರೆ ಒಳಗೆ ಎಣ್ಣೆ ಕುಡಿದ ತರಗೆಲೆ, ತೊಗಟೆ ಚೂರು ಬುಟ್ಟಿಗಟ್ಟಲೆ. ಅದರ ಮೇಲೆಯೇ ಸೈಲೆನ್ಸರ್ ಬಿಸಿ. ಈಗ ದಿನಾ ಸಂಜೆ ಬ್ಲೇಡ್ ನೆಲಕ್ಕಿಳಿಸಿ, ರೋಪ್ ಸಡಿಲ ಬಿಟ್ಟು, ಎಂಜಿನ್ ಆರಿದ ಮೇಲೆ ಅರ್ಧ ಗಂಟೆ ಗಾಡಿ ಹತ್ತಿರವೇ ಇರುತ್ತೇನೆ. ಕಸ ತೆಗೆಯುತ್ತೇನೆ, ಸಂದುಗಳಿಗೆ ಟಾರ್ಚ್ ಬಿಡುತ್ತೇನೆ, ಹೊಗೆಯ ವಾಸನೆ ಇಲ್ಲ ಎಂದು ಖಾತ್ರಿಯಾದ ಮೇಲೆ ಮನೆಗೆ ಹೊರಡುತ್ತೇನೆ.