ಒಂದೇ ಪಾತ್ರೆಯಲ್ಲಿ ಹಂದಿ ಮಾಂಸ, ಗಡ್ಡೆ ತರಕಾರಿ

ಇದಕ್ಕೆ ನಾನು ತರುವುದು ಹಂದಿಯ ಭುಜದ ಮಾಂಸವನ್ನೇ. ಕೊಬ್ಬಿಲ್ಲದ ಮಾಂಸ ಜಾಸ್ತಿ ಹೊತ್ತು ಬೆಂದರೆ ಒಣ ನಾರಾಗುತ್ತದೆ. 1 ಕಿಲೋ ಸಾಕು. ದೊಡ್ಡ ತುಂಡು ಮಾಡಿ, ನೀರು ಒರೆಸಿ, ಉಪ್ಪು ಹಚ್ಚಿ.

ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ, ಒಮ್ಮೆಗೆ ನಾಲ್ಕೈದು ತುಂಡು ಮಾತ್ರ ಹುರಿಯಿರಿ. ಒಂದು ಸಲ ಅವಸರಕ್ಕೆ ಎಲ್ಲಾ ಸುರಿದಿದ್ದೆ. ಮಾಂಸ ನೀರು ಬಿಟ್ಟಿತೇ ಹೊರತು ಕೆಂಪಾಗಲಿಲ್ಲ. ತುಂಡುಗಳನ್ನು ತೆಗೆದಿಟ್ಟು, ಅದೇ ಎಣ್ಣೆಯಲ್ಲಿ ಎರಡು ಈರುಳ್ಳಿ, ಸ್ವಲ್ಪ ಬೆಳ್ಳುಳ್ಳಿ ಬಾಡಿಸಿ. ನೀರು ಹಾಕಿ ತಳಕ್ಕೆ ಅಂಟಿದ್ದನ್ನೆಲ್ಲ ಕೆರೆಯಿರಿ. ರುಚಿ ಇರೋದೇ ಅಲ್ಲಿ ಅಲ್ವಾ! ಮಾಂಸ ವಾಪಸ್ ಹಾಕಿ, ಮುಳುಗುವಷ್ಟು ನೀರು, ಕಾಳುಮೆಣಸು, ಮುಚ್ಚಳ. ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ.

ಕ್ಯಾರೆಟ್, ಟರ್ನಿಪ್, ಆಲೂಗಡ್ಡೆ ಆಮೇಲೆ. ಮೊದಲೇ ಹಾಕಿದರೆ ಕರಗಿಹೋಗುತ್ತವೆ. ಇನ್ನೂ 40 ನಿಮಿಷ ಬೇಯಲಿ. ಚಮಚದಲ್ಲಿ ಒತ್ತಿದರೆ ಮಾಂಸ ಬಿಟ್ಟುಕೊಳ್ಳಬೇಕು.